ಗ್ಯಾರೇಜಿನ ಕುಲುಮೆ: ಲೋಟಸ್ ಸೆವೆನ್ ಮತ್ತು ಕೈನಿರ್ಮಿತ ಓಟದ ಕಾರಿನ ಪರಂಪರೆ

ಜಾನಪದ ಅಧ್ಯಯನದಲ್ಲಿ ಭೌತಿಕ ಸಂಸ್ಕೃತಿಯ ಚರ್ಚೆಯು ಬಹುಮಟ್ಟಿಗೆ ನೇಗಿಲು, ಗಾಡಿ, ಮಡಕೆ, ಮಗ್ಗಗಳ ಸುತ್ತಲೇ ಬೆಳೆದುಬಂದಿದೆ. ಕಾರ್ಖಾನೆಯಲ್ಲಿ ತಯಾರಾದ ಯಂತ್ರವು ಜನಪದರ ಕೈಗೆ ಸೇರಿದ್ದಲ್ಲ ಎಂಬ ಗ್ರಹಿಕೆ ಇದಕ್ಕೆ ಮುಖ್ಯ ಕಾರಣ. ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪನ್ನು ಜನಪದವೆಂದು ಕರೆಯಬಹುದು ಎಂದು ಅಲನ್ ಡಂಡೆಸ್ ವಾದಿಸಿದ ಮೇಲೆ ಈ ಗಡಿ ಸಡಿಲಗೊಂಡಿತು. ಕೆಂಟಕಿಯ ಕುರ್ಚಿ ತಯಾರಕನೊಬ್ಬನನ್ನು ಕುರಿತು ಮೈಕೆಲ್ ಓವನ್ ಜೋನ್ಸ್ 1975ರಲ್ಲಿ ಪ್ರಕಟಿಸಿದ ಅಧ್ಯಯನವು ವಸ್ತುವಿನಷ್ಟೇ ಅದನ್ನು ಮಾಡುವ ಮನುಷ್ಯನೂ ಮುಖ್ಯನೆಂಬುದನ್ನು ತೋರಿಸಿಕೊಟ್ಟಿತು. ಹೀಗಿದ್ದರೂ ಮನೆಯ ಹಿಂದಿನ ಗ್ಯಾರೇಜಿನಲ್ಲಿ, ಹಳೆಯ ಕಾರುಗಳ ಬಿಡಿಭಾಗಗಳಿಂದ ರೂಪುಗೊಂಡ ಓಟದ ಕಾರು ಇಂಥ ಅಧ್ಯಯನದ ವಸ್ತುವಾದದ್ದು ವಿರಳ. ಅದರ ಚರಿತ್ರೆಯನ್ನು ಬರೆದವರು ಬಹುಪಾಲು ಕಂಪನಿಗಳ ಮತ್ತು ಗೆದ್ದ ಚಾಲಕರ ಚರಿತ್ರಕಾರರು.

ಇಂಗ್ಲೆಂಡಿನ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿದೆ. 1957ರಲ್ಲಿ ಬೆಳಕಿಗೆ ಬಂದ ಈ ಕಾರನ್ನು ಸಾಮಾನ್ಯವಾಗಿ ಕಾಲಿನ್ ಚಾಪ್‌ಮನ್ (1928-1982) ಎಂಬ ಒಬ್ಬ ಪ್ರತಿಭಾವಂತನ ಸೃಷ್ಟಿಯೆಂದು ಹೇಳುವುದು ವಾಡಿಕೆ. ಅದರ ಹಿಂದಿನ ಮೂರು ದಶಕಗಳನ್ನೂ ಮುಂದಿನ ಆರು ದಶಕಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣಿಸುತ್ತದೆ. ಸೆವೆನ್ ಒಂದು ಸಮುದಾಯದ ಕಸುಬಿನಿಂದ ಹುಟ್ಟಿ, ಕೆಲಕಾಲ ಒಬ್ಬನ ಹೆಸರನ್ನು ಹೊತ್ತು, ಮತ್ತೆ ಸಮುದಾಯದ ಕೈಗೇ ಮರಳಿದ ವಸ್ತು. ಈ ಚಲನೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಸ್ಟಿನ್ ಸೆವೆನ್ ಎಂಬ ಕಚ್ಚಾವಸ್ತು

ಈ ಪರಂಪರೆಯ ಬೇರು 1922ರಲ್ಲಿ ಮಾರುಕಟ್ಟೆಗೆ ಬಂದ ಆಸ್ಟಿನ್ ಸೆವೆನ್ ಕಾರಿನಲ್ಲಿದೆ. ಸರ್ ಹರ್ಬರ್ಟ್ ಆಸ್ಟಿನ್ ಅವರು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿಹರೆಯದ ನಕ್ಷೆಗಾರನನ್ನು ಜೊತೆಗಿಟ್ಟುಕೊಂಡು ತಮ್ಮ ಮನೆಯಲ್ಲಿಯೇ ಇದನ್ನು ರೂಪಿಸಿದರು. ಮೋಟಾರ್ ಸೈಕಲ್ಲಿಗೆ ಪಕ್ಕದ ಗಾಡಿ ಜೋಡಿಸಿಕೊಂಡು ಓಡಾಡುತ್ತಿದ್ದ ಕುಟುಂಬಗಳಿಗೆ ನಿಜವಾದ ಕಾರನ್ನು ಒದಗಿಸುವುದು ಅವರ ಗುರಿ. ಇಂಗ್ಲಿಷ್ ‘ಎ’ ಅಕ್ಷರದ ಆಕಾರದ ಸರಳ ಚಾಸಿ, ನಾಲ್ಕು ಸಿಲಿಂಡರುಗಳ 747 ಸಿ.ಸಿ. ಎಂಜಿನ್, ಹಗುರವಾದ ಮೇಲ್ಕವಚ ಇವು ಅದರ ಲಕ್ಷಣಗಳು. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇವುಗಳಲ್ಲಿ ಬಹಳಷ್ಟು ಹಳೆಯವಾಗಿ, ಅಗ್ಗದ ಬೆಲೆಗೆ ದೊರೆಯುತ್ತಿದ್ದವು.

ಹೊಸ ಕಾರು ದುರ್ಲಭವಾಗಿದ್ದ, ಪೆಟ್ರೋಲ್ 1950ರವರೆಗೂ ಪಡಿತರದಲ್ಲಿದ್ದ ಆ ಕಾಲದಲ್ಲಿ ಯುವಕರು ಈ ಹಳೆಯ ಆಸ್ಟಿನ್‌ಗಳ ಮೇಲ್ಕವಚವನ್ನು ಕಿತ್ತೆಸೆದು, ಚಾಸಿಯನ್ನು ತಗ್ಗಿಸಿ, ತಗಡು ಇಲ್ಲವೆ ಪ್ಲೈವುಡ್ಡಿನಿಂದ ಹೊಸ ಮೈ ಕಟ್ಟುತ್ತಿದ್ದರು. ಇಂಥ ಕಾರುಗಳಿಗೆ ‘ಸ್ಪೆಷಲ್’ ಎಂಬ ಹೆಸರು ಬಂದಿತು. ಓಡಿಸಲು ಜಾಗವೂ ದೊರೆಯಿತು. 1907ರಿಂದ ಇದ್ದ ಬ್ರೂಕ್‌ಲ್ಯಾಂಡ್ಸ್ ಪಥ 1939ರಲ್ಲಿ ಮುಚ್ಚಿಹೋಗಿತ್ತಾದರೂ ಯುದ್ಧಕ್ಕಾಗಿ ನಿರ್ಮಿಸಿದ ವಿಮಾನ ನಿಲ್ದಾಣಗಳು ಖಾಲಿ ಬಿದ್ದಿದ್ದವು. ಅವುಗಳಲ್ಲೊಂದಾದ ಸಿಲ್ವರ್‌ಸ್ಟೋನ್ 1948ರಲ್ಲಿ ಓಟದ ಪಥವಾಯಿತು.

ಕ್ಲಾಡ್ ಲೆವಿ-ಸ್ಟ್ರಾಸ್ 1962ರ ತಮ್ಮ ಕೃತಿಯಲ್ಲಿ ಕೈಗೆ ಸಿಕ್ಕ ವಸ್ತುಗಳನ್ನೇ ಹೊಂದಿಸಿಕೊಂಡು ಕೆಲಸ ಸಾಧಿಸುವ ಕೈಗಾರನನ್ನೂ, ಮೊದಲು ಯೋಜನೆ ರೂಪಿಸಿ ಅದಕ್ಕೆ ತಕ್ಕ ವಸ್ತುಗಳನ್ನು ತರಿಸಿಕೊಳ್ಳುವ ಎಂಜಿನಿಯರನನ್ನೂ ಎರಡು ಭಿನ್ನ ಮನೋಧರ್ಮಗಳ ಪ್ರತಿನಿಧಿಗಳಾಗಿ ಕಂಡಿದ್ದರು. ಸ್ಪೆಷಲ್ ಕಟ್ಟುವವನಲ್ಲಿ ಈ ಎರಡೂ ಒಟ್ಟಿಗೆ ಇರುತ್ತವೆ. ಆಕ್ಸಲ್ ಯಾವುದು ಸಿಕ್ಕಿತೋ ಅದು. ಆದರೆ ಅದನ್ನು ಯಾವ ಕೋನದಲ್ಲಿ ಹಿಡಿದಿಡಬೇಕೆಂಬುದು ಲೆಕ್ಕಾಚಾರ. ಈ ಬೆಸುಗೆಯೇ ಮುಂದಿನ ಎಲ್ಲ ಬೆಳವಣಿಗೆಗೂ ಆಧಾರವಾಯಿತು.

ನಿಯಮ ಮತ್ತು ಜಾಣ್ಮೆ

ಆಸ್ಟಿನ್ ಸೆವೆನ್ ಪ್ರಿಯರ ‘750 ಕ್ಲಬ್’ 1939ರಲ್ಲಿ ಆರಂಭವಾಯಿತು. ಪತ್ರಕರ್ತ ಬಿಲ್ ಬಾಡಿ ಅದರ ಸ್ಥಾಪಕರಲ್ಲಿ ಪ್ರಮುಖರು. ಯುದ್ಧಾನಂತರ ಹಾಲೆಂಡ್ ಬರ್ಕೆಟ್ ಮೊದಲಾದವರ ಮುಂದಾಳತ್ವದಲ್ಲಿ ಅದು ಬಲಗೊಂಡು, 1940ರ ದಶಕದ ಕೊನೆಯಲ್ಲಿ ‘750 ಫಾರ್ಮುಲಾ’ ಎಂಬ ಸ್ಪರ್ಧಾ ನಿಯಮಾವಳಿಯನ್ನು ರೂಪಿಸಿತು. ಆಸ್ಟಿನ್ ಸೆವೆನ್ ಕಾರಿನ ಮುಖ್ಯ ಅಂಗಗಳನ್ನು ಉಳಿಸಿಕೊಂಡೇ ಕಾರು ಕಟ್ಟಬೇಕು, ಉಳಿದದ್ದು ಕಟ್ಟುವವನ ಜಾಣ್ಮೆಗೆ ಬಿಟ್ಟದ್ದು ಎಂಬುದು ಅದರ ತಿರುಳು. ಹಣವಂತನಿಗೆ ಸುಲಭ ಗೆಲುವು ದೊರೆಯಬಾರದೆಂಬ ಕಾಳಜಿ ಇದರಲ್ಲಿ ಅಡಗಿತ್ತು. ಜನಪದ ಕಲೆಗಳಲ್ಲಿ ಛಂದಸ್ಸು ಅಥವಾ ಮಟ್ಟು ಯಾವ ಕೆಲಸ ಮಾಡುತ್ತದೋ ಇಲ್ಲಿ ನಿಯಮಾವಳಿ ಆ ಕೆಲಸವನ್ನು ಮಾಡಿತು. ಚೌಕಟ್ಟು ಎಲ್ಲರಿಗೂ ಒಂದೇ, ಅದರೊಳಗಿನ ಹೆಣಿಗೆ ಅವರವರದು.

ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಚಾಪ್‌ಮನ್ ಹಳೆಯ ಕಾರುಗಳ ಸಣ್ಣ ವ್ಯಾಪಾರವನ್ನೂ ಮಾಡುತ್ತಿದ್ದರು. ಪೆಟ್ರೋಲ್ ಪಡಿತರದಿಂದ ಆ ವ್ಯಾಪಾರ ಕುಸಿದಾಗ ಅವರ ಬಳಿ ಉಳಿದದ್ದು ಒಂದು ಆಸ್ಟಿನ್ ಸೆವೆನ್. ಗೆಳತಿ ಹೇಜಲ್ ವಿಲಿಯಮ್ಸ್ ಅವರ ತಂದೆತಾಯಿಯರ ಮನೆಯ ಹಿಂದಿನ ಗ್ಯಾರೇಜಿನಲ್ಲಿ, 1948ರಲ್ಲಿ ಅದು ಅಲ್ಯೂಮಿನಿಯಂ ಅಂಟಿಸಿದ ಪ್ಲೈವುಡ್ ಮೈಯ ಸ್ಪೆಷಲ್ ಆಗಿ ರೂಪಾಂತರಗೊಂಡಿತು. ಮೊದಲ ಲೋಟಸ್ ಎಂದು ಈಗ ಹೆಸರಾಗಿರುವುದು ಇದೇ. ಸಾವಿರಾರು ಯುವಕರು ಮಾಡುತ್ತಿದ್ದ ಕೆಲಸವನ್ನೇ ಅವರೂ ಮಾಡಿದ್ದರು.

ಮೂರನೆಯ ಕಾರಿನ ಪ್ರಸಂಗವು ನಿಯಮ ಮತ್ತು ಜಾಣ್ಮೆಗಳ ನಡುವಣ ಸಂಬಂಧಕ್ಕೆ ಒಳ್ಳೆಯ ನಿದರ್ಶನ. 1951ರ 750 ಫಾರ್ಮುಲಾ ಸ್ಪರ್ಧೆಗಳಿಗಾಗಿ ಇದನ್ನು ಅಲೆನ್ ಸಹೋದರರೊಡನೆ, ಅವರ ಮನೆಯ ಗ್ಯಾರೇಜಿನಲ್ಲಿ ಕಟ್ಟಲಾಯಿತು. ಆಸ್ಟಿನ್ ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳಿಗೆ ಒಂದೇ ಪ್ರವೇಶದ್ವಾರ. ಅಕ್ಕಪಕ್ಕದ ಸಿಲಿಂಡರುಗಳು ಒಂದರ ಹಿಂದೊಂದು ಇಂಧನ ಮಿಶ್ರಣವನ್ನು ಎಳೆದುಕೊಳ್ಳುವಾಗ ಒಂದರ ಪಾಲನ್ನು ಮತ್ತೊಂದು ಕಸಿಯುತ್ತಿತ್ತು. ಚಾಪ್‌ಮನ್ ಆ ದಾರಿಯ ಒಳಗೇ ನಡುಗೋಡೆಯೊಂದನ್ನು ಕೂರಿಸಿ ನಾಲ್ಕಕ್ಕೂ ಪ್ರತ್ಯೇಕ ದಾರಿ ಮಾಡಿಕೊಟ್ಟರು. ನಿಯಮದಲ್ಲಿ ಇದಕ್ಕೆ ನಿಷೇಧವಿರಲಿಲ್ಲ. ಕಾರು ಎದುರಾಳಿಗಳನ್ನು ಸುಲಭವಾಗಿ ಹಿಂದಿಕ್ಕಿತು. ಅನಂತರ ಕ್ಲಬ್ಬು ನಿಯಮವನ್ನು ತಿದ್ದಿ ಆ ದಾರಿಯನ್ನು ಮುಚ್ಚಿತು. ಒಬ್ಬನ ಜಾಣ್ಮೆಯನ್ನು ಮೆಚ್ಚಿಕೊಳ್ಳುತ್ತಲೇ ಅದು ಎಲ್ಲರ ಆಟವನ್ನು ಕೆಡಿಸದಂತೆ ಸಮುದಾಯವು ತಡೆದ ಬಗೆ ಇದು.

ಪೆಟ್ಟಿಗೆಯಲ್ಲಿ ಬಂದ ಕಾರು

1952ರ ಜನವರಿ 1ರಂದು, ಹೇಜಲ್ ನೀಡಿದ 25 ಪೌಂಡುಗಳ ಸಾಲದೊಂದಿಗೆ ಲೋಟಸ್ ಎಂಜಿನಿಯರಿಂಗ್ ಕಂಪನಿ ಆರಂಭವಾಯಿತು. ಲಂಡನ್ನಿನ ಹಾರ್ನ್‌ಸಿಯಲ್ಲಿ, ಚಾಪ್‌ಮನ್‌ರ ತಂದೆ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯ ಅದರ ಕಾರ್ಯಾಗಾರ. ಆರನೆಯ ಮಾದರಿಯೊಂದಿಗೆ ಹಳೆಯ ಚಾಸಿಯ ಹಂಗು ತಪ್ಪಿತು. ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು ಆ ಕಾರಿಗೆ ಆಧಾರವಾಯಿತು. ತ್ರಿಕೋನದ ಬಾಹುಗಳು ಬಾಗುವ ಬದಲು ಎಳೆತ ಮತ್ತು ಒತ್ತಡಗಳನ್ನು ಮಾತ್ರ ಹೊರುವುದರಿಂದ ಅಲ್ಪ ಲೋಹದಲ್ಲಿ ಹೆಚ್ಚಿನ ಬಿಗುವು ಸಾಧ್ಯ. ಬರಿಯ ಚೌಕಟ್ಟು ಸುಮಾರು 25 ಕಿಲೋಗ್ರಾಂ ತೂಗುತ್ತಿತ್ತು. ಸೇತುವೆ ಮತ್ತು ಛಾವಣಿಗಳ ರಚನಾಶಾಸ್ತ್ರ ಇಲ್ಲಿ ಕಾರಿಗೆ ಇಳಿದುಬಂದಿತ್ತು. ಚೌಕಟ್ಟನ್ನು ಬೆಸೆದವರು ಪ್ರೋಗ್ರೆಸ್ ಚಾಸಿ ಎಂಬ ಸಣ್ಣ ಕಾರ್ಯಾಗಾರದವರು, ತಗಡಿನ ಮೈ ತಟ್ಟಿದವರು ವಿಲಿಯಮ್ಸ್ ಮತ್ತು ಪ್ರಿಚರ್ಡ್ ಎಂಬ ಕುಶಲಕರ್ಮಿಗಳು. ಒಬ್ಬನ ಹೆಸರಿನ ಹಿಂದೆ ಎಷ್ಟು ಕೈಗಳಿದ್ದವೆಂಬುದಕ್ಕೆ ಇದು ಸಾಕ್ಷಿ. 1953ರಲ್ಲಿ 750 ಮೋಟಾರ್ ಕ್ಲಬ್ ಫೋರ್ಡ್ ಕಂಪನಿಯ 1,172 ಸಿ.ಸಿ. ಎಂಜಿನ್ನಿಗಾಗಿ ಮತ್ತೊಂದು ಫಾರ್ಮುಲಾ ಆರಂಭಿಸಿದಾಗ ಈ ಕಾರಿಗೆ ಅಂಗಳ ಸಿದ್ಧವಾಯಿತು.

1957ರ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದ ಹೊತ್ತಿಗೆ ಪ್ರಕಟವಾದ ಲೋಟಸ್ ಸೆವೆನ್ ಇದೇ ವಂಶದ ಮುಂದುವರಿಕೆ. ಎರಡೇ ಆಸನ, ಬಾಗಿಲಿಲ್ಲ, ತೂಕ ಸುಮಾರು 500 ಕಿಲೋಗ್ರಾಂ, ಫೋರ್ಡ್ ಎಂಜಿನ್ನಿನ ಶಕ್ತಿ ಸುಮಾರು 40 ಅಶ್ವಶಕ್ತಿ. ಪೂರ್ಣ ಕಾರಿನ ಬೆಲೆ ತೆರಿಗೆ ಸೇರಿ 1,036 ಪೌಂಡು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಖರೀದಿ ತೆರಿಗೆ ಇಲ್ಲದ ಕಾರಣ ಅದರ ಸುಮಾರು ಅರ್ಧದಷ್ಟು. ಹೀಗೆ ತೆರಿಗೆಯ ನಿಯಮವೊಂದು ಗಿರಾಕಿಯನ್ನು ತಯಾರಕನನ್ನಾಗಿ ಮಾಡಿತು.

ಈ ಪೆಟ್ಟಿಗೆ ಕಾರಿನ ಸುತ್ತ ಒಂದು ಐತಿಹ್ಯ ಬೆಳೆದಿದೆ. ಜೋಡಿಸುವ ಸೂಚನೆಗಳನ್ನು ಕೊಟ್ಟರೆ ತೆರಿಗೆ ಬೀಳುತ್ತದೆಂದು ಕಂಪನಿಯು ಬಿಚ್ಚುವ ಸೂಚನೆಗಳನ್ನು ಕೊಟ್ಟಿತಂತೆ; ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆ ಆಯಿತಂತೆ. ಸೆವೆನ್ ಕುರಿತು ಬರೆದವರು, ಮಾತಾಡಿದವರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಅಧಿಕಾರಿಯನ್ನು ಜಾಣತನದಿಂದ ಗೆಲ್ಲುವ ನಾಯಕನ ಆಶಯ ಜಗತ್ತಿನ ಕಥೆಗಳಲ್ಲೆಲ್ಲ ಪರಿಚಿತವಾದುದು. ಸರಳಗೊಳಿಸಿ ಹಗುರತನವನ್ನು ಸೇರಿಸಬೇಕೆಂಬ ಮಾತನ್ನು ಚಾಪ್‌ಮನ್ ಹೇಳಿದರೆನ್ನುವುದೂ ಇದೇ ಬಗೆಯದು. ಅದಕ್ಕೆ ಬಹಳ ಹತ್ತಿರದ ಮಾತು ಅಮೆರಿಕದ ವಿಮಾನ ವಿನ್ಯಾಸಕ ವಿಲಿಯಂ ಸ್ಟೌಟ್ ಅವರೊಂದಿಗೆ ಮೊದಲೇ ಸೇರಿಕೊಂಡಿತ್ತು. ಗಾದೆಯು ಹೆಸರಾಂತ ವ್ಯಕ್ತಿಯ ಬಾಯಿಗೆ ಹೋಗಿ ಸೇರುವ ಪ್ರಕ್ರಿಯೆ ಯಂತ್ರಯುಗದಲ್ಲಿಯೂ ನಿಂತಿಲ್ಲ.

ಓಟದ ಪಥಕ್ಕೆ ಹದಗೊಳಿಸುವುದು

ಸೆವೆನ್ ಎಂದಿಗೂ ಮುಗಿದ ವಸ್ತುವಾಗಿರಲಿಲ್ಲ. ಫೋರ್ಡ್ ಎಂಜಿನ್ನಿನ ಜಾಗಕ್ಕೆ ಕವೆಂಟ್ರಿ ಕ್ಲೈಮ್ಯಾಕ್ಸ್ ಬಂದಿತು; 1961ರಲ್ಲಿ ಕಾಸ್ವರ್ತ್ ಸಂಸ್ಥೆ ಹದಗೊಳಿಸಿದ 1,340 ಸಿ.ಸಿ. ಎಂಜಿನ್ 85 ಅಶ್ವಶಕ್ತಿ ನೀಡಿತು. ಎರಡನೆಯ ಸರಣಿಯಲ್ಲಿ ಹಿಂದಿನ ಆಕ್ಸಲ್ಲಿನ ಕವಚಕ್ಕೇ ಕೆಳಗಿನ ಆಧಾರವನ್ನು ಜೋಡಿಸಿದ್ದರಿಂದ ಹೆಚ್ಚಿದ ಶಕ್ತಿಗೆ ಕವಚ ಬಾಗಿ ಎಣ್ಣೆ ಸೋರುತ್ತಿತ್ತು. ಬಲಪಡಿಸುವ ಪಟ್ಟಿಯನ್ನು ಬೆಸೆದುಕೊಳ್ಳುವುದು ಮಾಲೀಕರಿಂದ ಮಾಲೀಕರಿಗೆ ಹರಡಿದ ಪರಿಹಾರ. ಒಂದು ಅಂಗದ ಬಲ ಹೆಚ್ಚಿದಾಗ ಮುಂದಿನ ದುರ್ಬಲ ಅಂಗ ತಾನಾಗಿ ಪ್ರಕಟವಾಗುತ್ತದೆ. ಸುಧಾರಣೆಯ ಚರಿತ್ರೆಯೆಂದರೆ ಈ ದುರ್ಬಲ ಕೊಂಡಿಗಳ ಸರಪಳಿಯ ಚರಿತ್ರೆಯೇ.

ಇದರಿಂದಾಗಿಯೇ ಪಥದಲ್ಲಿ ಓಡಿಸುವವರ ವಲಯದಲ್ಲಿ ಸುಧಾರಣೆಗೆ ಒಂದು ಕ್ರಮವನ್ನು ಹಿರಿಯರು ಕಿರಿಯರಿಗೆ ಹೇಳುತ್ತ ಬಂದಿದ್ದಾರೆ. ಮೊದಲು ಚಾಲಕನ ಕಲಿಕೆ, ಬಳಿಕ ಟೈರು ಮತ್ತು ಬ್ರೇಕು, ಆಮೇಲೆ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರ್, ಎಂಜಿನ್ನಿನ ಶಕ್ತಿ ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನು ತಲೆಕೆಳಗು ಮಾಡುವುದೂ ಅದರ ಬೆಲೆ ತೆರುವುದೂ ಅಷ್ಟೇ ಹಳೆಯ ಸಂಗತಿ. ಬ್ರೇಕಿನ ಎಣ್ಣೆಯ ಉದಾಹರಣೆಯನ್ನು ನೋಡಬಹುದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಎಣ್ಣೆಗೆ ಈ ಮಿತಿ 155 ಡಿಗ್ರಿ ಮಾತ್ರ. ಪಥದ ಸುತ್ತುಗಳಲ್ಲಿ ಬ್ರೇಕು ಕಾದಾಗ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿ ಅಮುಕಿಕೊಳ್ಳುವುದರಿಂದ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಬಾಗಿಲೂ ಛಾವಣಿಯೂ ಇಲ್ಲದ ಕಾರಿನಲ್ಲಿ ಇದು ಪ್ರಾಣದ ಪ್ರಶ್ನೆ. ಉರುಳಿದರೆ ತಲೆಯನ್ನು ಕಾಯುವ ಉಕ್ಕಿನ ಕಮಾನು, ಭುಜ ಮತ್ತು ಸೊಂಟವನ್ನು ಬಿಗಿಯುವ ಪಟ್ಟಿ ಇವುಗಳಿಗೆ ಕಟ್ಟುವವರು ಕೊಡುವ ಗೌರವದ ಹಿಂದೆ ಇಂಥ ಅನುಭವಗಳಿವೆ.

ಎಂಜಿನ್ನಿನ ವಿಷಯದಲ್ಲಿಯೂ ಪಥವು ರಸ್ತೆಗಿಂತ ಭಿನ್ನವಾದ ಪರೀಕ್ಷೆಯನ್ನು ಒಡ್ಡುತ್ತದೆ. ದೀರ್ಘ ತಿರುವಿನಲ್ಲಿ ತಳದ ತೊಟ್ಟಿಯ ಎಣ್ಣೆಯೆಲ್ಲ ಒಂದು ಬದಿಗೆ ಸರಿದು, ಹೀರುವ ಕೊಳವೆಗೆ ಗಾಳಿ ಸಿಕ್ಕಿ, ಕೆಲವೇ ಕ್ಷಣಗಳಲ್ಲಿ ಬೇರಿಂಗು ಸುಟ್ಟುಹೋಗಬಹುದು. ತೊಟ್ಟಿಯೊಳಗೆ ತಡೆಗೋಡೆಗಳನ್ನು ಕೂರಿಸುವುದು ಇದಕ್ಕೆ ಅಗ್ಗದ ಉಪಾಯ. ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಟ್ಟು ಪಂಪಿನಿಂದ ಒದಗಿಸುವುದು ದುಬಾರಿ ಉಪಾಯ. ಇಂಧನ ಮಿಶ್ರಣ ಸರಿಯಿದೆಯೇ ಎಂಬುದನ್ನು ಓಟ ಮುಗಿದೊಡನೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣದಿಂದ ಅಳೆಯುತ್ತಿದ್ದರು. ತಿಳಿ ಕಂದು ಬಣ್ಣ ಹದ. ಬಿಳಿಚಿದರೆ ಪೆಟ್ರೋಲು ಕಡಿಮೆ. ಮಸಿ ಹಿಡಿದರೆ ಹೆಚ್ಚು. ಪಾಕದ ಹದವನ್ನು ಎಳೆಯಿಂದ ಗುರುತಿಸುವಂತೆ, ಇದು ಕಣ್ಣಿಗೆ ಅಭ್ಯಾಸವಾಗಬೇಕಾದ ತಿಳಿವಳಿಕೆ.

ನಾಲ್ಕು ಚಕ್ರಗಳ ಮೇಲಿನ ಭಾರವನ್ನು ಸರಿಹೊಂದಿಸುವ ಕ್ರಮ ಇನ್ನೂ ಸೂಕ್ಷ್ಮವಾದುದು. ಸಮತಟ್ಟಾದ ನೆಲದಲ್ಲಿ ಪ್ರತಿ ಚಕ್ರದಡಿ ಒಂದೊಂದು ತಕ್ಕಡಿ ಇಟ್ಟು, ಎದುರು ಮೂಲೆಗಳ ಜೋಡಿಗಳ ಮೊತ್ತ ಆದಷ್ಟು ಸಮನಾಗುವಂತೆ ಸ್ಪ್ರಿಂಗಿನ ಪೀಠಗಳನ್ನು ತಿರುಗಿಸುತ್ತಾರೆ. ಒಂದು ಮೂಲೆಯನ್ನು ಎತ್ತಿದರೆ ಅದರ ಭಾರವೂ ಅದಕ್ಕೆ ಎದುರಾದ ಮೂಲೆಯ ಭಾರವೂ ಹೆಚ್ಚುತ್ತವೆ. ಅಸಮವಾದ ಕಾರು ಎಡಕ್ಕೆ ಒಂದು ರೀತಿ, ಬಲಕ್ಕೆ ಮತ್ತೊಂದು ರೀತಿ ತಿರುಗುತ್ತದೆ. ಗಮನಾರ್ಹವಾದುದೆಂದರೆ, ಈ ತೂಕವನ್ನು ಚಾಲಕನನ್ನು ಆಸನದಲ್ಲಿ ಕೂರಿಸಿ ಇಲ್ಲವೆ ಅವನಷ್ಟೇ ಭಾರವನ್ನು ಅಲ್ಲಿಟ್ಟು ನೋಡಬೇಕು. 500 ಕಿಲೋಗ್ರಾಮಿನ ಕಾರಿನಲ್ಲಿ 80 ಕಿಲೋಗ್ರಾಮಿನ ಮನುಷ್ಯನೆಂದರೆ ಅದರ ತೂಕದ ಶೇ. 16ರಷ್ಟಾಯಿತು. ಹೀಗೆ ಹದಗೊಂಡ ಕಾರು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೈಯಳತೆಗೆ ಹೊಂದಿದ ವಸ್ತುವಾಗುತ್ತದೆ. ಸಾಮೂಹಿಕ ಉತ್ಪಾದನೆ ಅಳಿಸಿಹಾಕಿದ ಅಳತೆಯ ಸಂಬಂಧವನ್ನು ಗ್ಯಾರೇಜು ಹೀಗೆ ಮರಳಿ ಸ್ಥಾಪಿಸಿತು.

ಹರಡಿದ ಬಗೆ, ಮರಳಿದ ಬಗೆ

ಈ ಕಸುಬು ಇಂಗ್ಲೆಂಡಿನ ಗಡಿಯನ್ನೂ ದಾಟಿತು. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಮೊದಲು ಸ್ಪರ್ಧಿಸಿದ್ದು ಆಸ್ಟಿನ್ ಸೆವೆನ್‌ನಲ್ಲಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಗಾರ್ಡನ್ ಮರ್ರೆ ಸ್ವತಃ ವಿನ್ಯಾಸಗೊಳಿಸಿ ಕಟ್ಟಿದ ಕಾರಿನಲ್ಲಿ 1967ರಿಂದ ಓಡಿ, ಬಳಿಕ ಇಂಗ್ಲೆಂಡಿಗೆ ಬಂದು ಫಾರ್ಮುಲಾ ಒನ್ ವಿನ್ಯಾಸಕರಾದರು. ಲೋಲಾ ಕಾರುಗಳ ಎರಿಕ್ ಬ್ರಾಡ್ಲಿ ಬೆಳೆದದ್ದು 1172 ಫಾರ್ಮುಲಾದ ಅಂಗಳದಲ್ಲಿ. ಆರ್ಥರ್ ಮ್ಯಾಲಕ್ ತಮ್ಮ ಸರಳ ಕಾರುಗಳಿಗೆ ‘ಯು2’ ಎಂದು ಹೆಸರಿಟ್ಟರು. ‘ನೀವೂ’ ಎಂಬ ಅರ್ಥ ಕೊಡುವ ಇಂಗ್ಲಿಷ್ ಶ್ಲೇಷೆ ಅದು.

1973ರಲ್ಲಿ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಪೆಟ್ಟಿಗೆ ಕಾರಿಗಿದ್ದ ರಿಯಾಯಿತಿ ಇಲ್ಲವಾಯಿತು. ಅದೇ ವರ್ಷ ಲೋಟಸ್ ಸಂಸ್ಥೆ ಸೆವೆನ್ ತಯಾರಿಕೆಯ ಹಕ್ಕನ್ನು ಗ್ರಹಾಂ ನಿಯರ್ನ್ ಅವರ ಕೇಟರ್‌ಹ್ಯಾಮ್ ಕಾರ್ಸ್‌ಗೆ ಬಿಟ್ಟುಕೊಟ್ಟಿತು. ಲೋಟಸ್ ತಯಾರಿಸಿದ ಸೆವೆನ್‌ಗಳು ಒಟ್ಟು ಸುಮಾರು 2,500 ಮಾತ್ರ. ನಾಲ್ಕನೆಯ ಸರಣಿಯ ಆಧುನಿಕ ಮೈಯನ್ನು ಗ್ರಾಹಕರು ಅಷ್ಟಾಗಿ ಒಪ್ಪದ ಕಾರಣ ಕೇಟರ್‌ಹ್ಯಾಮ್ 1974ರಲ್ಲಿ ಮೂರನೆಯ ಸರಣಿಗೇ ಹಿಂದಿರುಗಿತು. ಅಗ್ಗವಾಗಿ ಕೊಳ್ಳಲು ಮನೆಯಲ್ಲಿ ಕಟ್ಟುತ್ತಿದ್ದ ಕಾಲ ಮುಗಿದ ಮೇಲೆಯೂ ಜನ ಕಟ್ಟುವುದನ್ನು ಬಿಡಲಿಲ್ಲವೆಂಬುದು ಇಲ್ಲಿ ಮುಖ್ಯ. ಆ ಸಂಸ್ಥೆ 1995ರಲ್ಲಿ ಆರಂಭಿಸಿದ ಸ್ಪರ್ಧಾಮಾಲಿಕೆಯಲ್ಲಿ ಹೊಸಬರು ತಾವೇ ಜೋಡಿಸಿದ ಕಾರಿನಲ್ಲಿ ಓಟ ಕಲಿತರು.

1996ರಲ್ಲಿ ಪರಂಪರೆ ಮತ್ತೊಂದು ತಿರುವು ಪಡೆಯಿತು. ಶಾಲಾ ಶಿಕ್ಷಕ ರಾನ್ ಚಾಂಪಿಯನ್ 250 ಪೌಂಡಿನಷ್ಟು ಕಡಿಮೆ ವೆಚ್ಚದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುವ ವಿಧಾನವನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದರು. ಹಳೆಯ ಫೋರ್ಡ್ ಎಸ್ಕಾರ್ಟಿನ ಅಂಗಗಳು, ಅಂಗಡಿಯಲ್ಲಿ ಸಿಗುವ ಚೌಕ ಕೊಳವೆ, ಒಂದು ವೆಲ್ಡಿಂಗ್ ಯಂತ್ರ ಇವಿಷ್ಟೇ ಸಾಮಗ್ರಿ. ‘ಲೋಕಾಸ್ಟ್’ ಎಂದು ಕರೆಸಿಕೊಂಡ ಈ ಕಾರುಗಳಿಗೆ 750 ಮೋಟಾರ್ ಕ್ಲಬ್ ಪ್ರತ್ಯೇಕ ಸ್ಪರ್ಧೆಯನ್ನೇ ಏರ್ಪಡಿಸಿತು. 2007ರಲ್ಲಿ ಕ್ರಿಸ್ ಗಿಬ್ಸ್ ಅವರ ಪುಸ್ತಕ ಇದನ್ನೇ ಮುಂದುವರಿಸಿತು. ಕಂಪನಿಯ ಸ್ವತ್ತಾಗಿದ್ದ ರೂಪವು ಹೀಗೆ ಮತ್ತೆ ಯಾರು ಬೇಕಾದರೂ ಹೇಳಬಹುದಾದ ಕಥೆಯಾಯಿತು. ಅಚ್ಚಾದ ಪಠ್ಯವು ಮೌಖಿಕ ಪರಂಪರೆಯನ್ನು ಸ್ಥಗಿತಗೊಳಿಸುತ್ತದೆಂಬ ಸಾಮಾನ್ಯ ಅಭಿಪ್ರಾಯಕ್ಕೆ ಇಲ್ಲಿ ಅಪವಾದವಿದೆ. ಪುಸ್ತಕದ ಅಳತೆಗಳನ್ನು ಕಟ್ಟುವವರು ತಮ್ಮ ಎತ್ತರಕ್ಕೆ, ತಮಗೆ ಸಿಕ್ಕ ಎಂಜಿನ್ನಿಗೆ ತಕ್ಕಂತೆ ಬದಲಿಸಿಕೊಂಡು ಅಸಂಖ್ಯ ಪಾಠಾಂತರಗಳನ್ನು ಸೃಷ್ಟಿಸಿದರು. 1998ರಿಂದ ಬ್ರಿಟನ್ನಿನಲ್ಲಿ ಇಂಥ ಕಾರುಗಳಿಗೆ ರಸ್ತೆಗೆ ಇಳಿಯುವ ಮುನ್ನ ಪ್ರತ್ಯೇಕ ಪರೀಕ್ಷೆ ಕಡ್ಡಾಯವಾಯಿತು. 2009ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಪರಂಪರೆ ಈ ನಿಯಮವನ್ನೂ ಒಂದು ಹೊಸ ಮಟ್ಟಿನಂತೆ ಸ್ವೀಕರಿಸಿ ಮುಂದುವರಿದಿದೆ.

ಯಾವುದು ಮೂಲ?

ಇಂದು ಈ ಪರಂಪರೆಗೆ ಒದಗಿರುವ ಸವಾಲು ಬೇರೆ ಬಗೆಯದು. 1950-60ರ ದಶಕದ ಸೆವೆನ್‌ಗಳು ಈಗ ಸಂಗ್ರಾಹಕರ ವಸ್ತುಗಳು. ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗಿರುವ ಕಾರಿಗೆ ಹೆಚ್ಚಿನ ಬೆಲೆ ಸಲ್ಲುವುದರಿಂದ, ಮಾಲೀಕರು ದಶಕಗಳ ಕಾಲ ಮಾಡಿದ ಮಾರ್ಪಾಡುಗಳನ್ನು ಕಿತ್ತು ‘ಮೂಲ’ ಸ್ಥಿತಿಗೆ ತರುವ ಒತ್ತಡವಿದೆ. ಪೆಟ್ಟಿಗೆಯಲ್ಲಿ ಹೊರಟ ಕಾರಿಗೆ ಕಾರ್ಖಾನೆಯ ಮೂಲಸ್ಥಿತಿ ಎಂಬುದೇ ಪೂರ್ಣವಾಗಿ ಇರಲಿಲ್ಲವೆಂಬ ಅಂಶ ಇಲ್ಲಿ ಮರೆಯಾಗುತ್ತದೆ. ಅಧಿಕೃತತೆಯ ಹುಡುಕಾಟವು ಜಾನಪದ ಅಧ್ಯಯನದ ಚರಿತ್ರೆಯುದ್ದಕ್ಕೂ ಹೇಗೆ ಕೆಲಸ ಮಾಡಿದೆಯೆಂಬುದನ್ನು ರೆಜಿನಾ ಬೆಂಡಿಕ್ಸ್ 1997ರ ತಮ್ಮ ಕೃತಿಯಲ್ಲಿ ಚರ್ಚಿಸಿದ್ದಾರೆ. ಶುದ್ಧ ಪಾಠವನ್ನು ಹುಡುಕುವ ಸಂಪಾದಕನು ಹಾಡಿದವರೆಲ್ಲರ ಸೇರ್ಪಡೆಗಳನ್ನು ಪ್ರಕ್ಷಿಪ್ತವೆಂದು ತೆಗೆದುಹಾಕಿದಂತೆ, ಮೂಲಸ್ಥಿತಿಯ ವ್ಯಾಮೋಹವು ಕೈಗಳ ಚರಿತ್ರೆಯನ್ನೇ ಅಳಿಸುತ್ತದೆ. ಆಕ್ಸಲ್ಲಿಗೆ ಬೆಸೆದ ಒರಟು ಪಟ್ಟಿ, ಡ್ಯಾಷ್‌ಬೋರ್ಡಿನಲ್ಲಿ ಕೈಯಿಂದ ಕೊರೆದ ರಂಧ್ರ, ಉದ್ದ ಕಾಲಿನವನಿಗಾಗಿ ಮುಂದಕ್ಕೆ ಸರಿಸಿದ ಪೆಡಲು ಇವು ದೋಷಗಳಲ್ಲ, ದಾಖಲೆಗಳು.

ಈ ಹಿನ್ನೆಲೆಯಲ್ಲಿ ವಸ್ತುಸಂಗ್ರಹಾಲಯಗಳು ಇಂಥ ಕಾರುಗಳನ್ನು ದಾಖಲಿಸುವಾಗ ತಯಾರಿಕೆಯ ವರ್ಷ ಮತ್ತು ವಿನ್ಯಾಸಕನ ಹೆಸರಿನ ಜೊತೆಗೆ ಮಾರ್ಪಾಡುಗಳ ಸರಣಿಯನ್ನೂ ಬರೆದಿಡುವುದು ಅಗತ್ಯ. ಅವುಗಳನ್ನು ಮಾಡಿದವರು ವೃದ್ಧರಾಗುತ್ತಿದ್ದಾರೆ, ಪ್ಲಗ್ಗಿನ ಬಣ್ಣ ಓದಬಲ್ಲ ಕಣ್ಣುಗಳು ಕಡಿಮೆಯಾಗುತ್ತಿವೆ. ಕನ್ನಡ ಜಾನಪದ ಕ್ಷೇತ್ರಕಾರ್ಯಕ್ಕೂ ಇದರಿಂದ ಒಂದು ಸೂಚನೆ ದೊರೆಯುತ್ತದೆ. ನಮ್ಮ ಲೇತ್ ಅಂಗಡಿ, ಲಾರಿಯ ಬಾಡಿ ಕಟ್ಟುವ ಕಾರ್ಯಾಗಾರ, ಗ್ಯಾರೇಜುಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಸಾಗುತ್ತಿರುವ ತಿಳಿವಳಿಕೆಯನ್ನು ಕಮ್ಮಾರನ ಕುಲುಮೆಯ ತಿಳಿವಳಿಕೆಯಷ್ಟೇ ಶ್ರದ್ಧೆಯಿಂದ ಸಂಗ್ರಹಿಸಬೇಕಾಗಿದೆ.

ಒಟ್ಟಾರೆಯಾಗಿ, ಲೋಟಸ್ ಸೆವೆನ್ ಒಬ್ಬ ವಿನ್ಯಾಸಕನ ಕೃತಿಯೂ ಹೌದು, ಅನೇಕರ ಕೈಗೆಲಸವೂ ಹೌದು. ಚಾಪ್‌ಮನ್ ಅವರ ಪ್ರತಿಭೆಯನ್ನು ಇದು ಕುಗ್ಗಿಸುವುದಿಲ್ಲ. ಸಮುದಾಯವೊಂದು ರೂಪಿಸಿಟ್ಟ ಅಂಗಳದಲ್ಲಿ ಆ ಪ್ರತಿಭೆ ಅರಳಿತೆಂಬುದನ್ನು ಸ್ಪಷ್ಟಪಡಿಸುತ್ತದೆ. ಆರೂವರೆ ದಶಕಗಳ ಬಳಿಕವೂ ಅದೇ ರೂಪದ ಕಾರುಗಳು ಗ್ಯಾರೇಜುಗಳಲ್ಲಿ ಹುಟ್ಟುತ್ತಿರುವುದಕ್ಕೆ ಕಾರಣ, ಅದನ್ನು ಬದಲಿಸುವ ಹಕ್ಕು ಎಂದೂ ಕಟ್ಟುವವನ ಕೈಬಿಟ್ಟು ಹೋಗಲಿಲ್ಲವೆಂಬುದೇ ಆಗಿದೆ.